ಮೂಲೆಯ ಐದು ಗೆರೆಗಳು

ರೇಣುಕಾ, ನಿನ್ನ ಮೂಲೆಯನ್ನು ಕೆಡಿಸಿದವಳು ನಾನು ಎಂಬುದು ನಿನಗೆ ಗೊತ್ತು. ಸಾಹೇಬರು ನಿನಗೆ ಬೈದ ಸಂಜೆಯೇ ನನಗದು ತಿಳಿದಿತ್ತು ಎಂಬುದು ಗೊತ್ತಿಲ್ಲ. ಆರು ವರ್ಷದ ನಂತರ ಪತ್ತೆಯಾಯಿತೆಂದು ಎಲ್ಲರೆದುರು ಹೇಳಿದೆನಲ್ಲ — ಅದು ಸುಳ್ಳು.

ಓದುವ ಬೇರೆಯವರಿಗೂ ತಿಳಿಯಲೆಂದು ಮೊದಲಿನಿಂದ ಬರೆಯುತ್ತೇನೆ. ಈ ಮರಾಠಿ ಊರಿನ ಶಿವಾಜಿನಗರದಲ್ಲಿ, ಎರಡನೇ ಮಹಡಿಯ ಕಚೇರಿಯಲ್ಲಿ ನಮ್ಮ ಕೆಲಸವೆಂದರೆ ಪಂಪಿನೊಳಗೆ ನೀರು ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಅದಕ್ಕೆ ಮೊದಲು ನೀರಿನ ಜಾಗವನ್ನೆಲ್ಲ ಪುಟ್ಟ ಪುಟ್ಟ ಕೋಶಗಳಾಗಿ ಹೆಣೆಯಬೇಕು — ಮೆಶ್ ಎನ್ನುತ್ತೇವೆ. ಪಂಪಿನ ಒಳಗೋಡೆಗೆ ತಾಗಿದ ನೀರು ನಿಂತೇ ಇರುತ್ತದೆ, ಚೂರು ಆಚೆಗೆ ಓಡುತ್ತದೆ. ಆ ಚೂರಿನೊಳಗೇ ಎಲ್ಲ ಜಗಳ. ಹಾಗಾಗಿ ಗೋಡೆಗುಂಟ ಈರುಳ್ಳಿ ಸಿಪ್ಪೆಯಂಥ ತೆಳು ಪದರಗಳನ್ನು ಹಾಸುತ್ತೇವೆ. ನೇರ ಗೋಡೆಗೆ ಸುಲಭ. ಚೂಪು ಮೂಲೆ ಬಂದರೆ ಫಜೀತಿ. ಮೂಲೆಯಿಂದ ಹೊರಕ್ಕೆ ಒಂದೇ ಗೆರೆ ಎಳೆದು ಎರಡೂ ಬದಿಯ ಪದರಗಳನ್ನು ಅದಕ್ಕೇ ಕಟ್ಟಿದರೆ ಕೋಶಗಳು ಸೊಟ್ಟಗೆ ಜಗ್ಗುತ್ತವೆ. ಒಂಬತ್ತು ವರ್ಷ ನಾನು ಹಾಗೆಯೇ ಕಟ್ಟುತ್ತಿದ್ದೆ.

ನೀನು ದೌಂಡದಿಂದ ದಿನಾ ರೈಲಿನಲ್ಲಿ ಬರುತ್ತಿದ್ದೆ. ನಿನ್ನ ಅಪ್ಪ ಹಳಿ ದುರಸ್ತಿಯ ಗ್ಯಾಂಗಿನವರು. ಸೇರಿದ ತಿಂಗಳಲ್ಲೇ ನನ್ನ ಪರದೆ ನೋಡಿ ನಕ್ಕುಬಿಟ್ಟೆ.

"ಅಕ್ಕಾರ, ತಿರುವಿನ್ಯಾಗ ಹಳಿ ಕೆಳಗಿನ ಅಡ್ಡದಿಮ್ಮಿ, ಸ್ಲೀಪರ್, ನೋಡಿರೇನು? ಒಂದೊಂದೂ ಒಂಚೂರು ಹೊಳ್ಳಿರತಾವ, ಬೀಸಣಿಗಿ ಬಿಚ್ಚಿದಂಗ. ನೀವು ಒಂದ ಸ್ಲೀಪರ್ ಇಟ್ಟು ಇಡೀ ಗಾಡಿ ತಿರುಗಸ್ತೀನಿ ಅಂತೀರಲ್ರಿ!"

ನೀನು ಎಂಟು ದಿನ ಕೂತೆ. ಪಂಪಿನ ಕವಚದ ಚೂಪು ಅಂಚಿನಿಂದ ಒಂದಲ್ಲ, ಐದು ಗೆರೆ ಬಿಚ್ಚಿದೆ. ಪದರಗಳು ದಪ್ಪ ಬದಲಿಸದೆ ಮೂಲೆಯನ್ನು ಸುತ್ತಿಕೊಂಡವು.

ಒಂಬತ್ತನೇ ಬೆಳಿಗ್ಗೆ ನಿನ್ನ ಗಾಡಿ ತಡವಾಯಿತು. ಗಿರಾಕಿಗೆ ತೋರಿಸಲು ಚಿತ್ರ ಬೇಕೆಂದು ನಾನೇ ನಿನ್ನ ಫೈಲು ತೆರೆದೆ. ಮೂಲೆಯಲ್ಲಿ ಗೆರೆಗಳು ಕಿಕ್ಕಿರಿದು ಕಪ್ಪು ಕಲೆಯ ಹಾಗೆ ಕಂಡವು. ಚಂದ ಕಾಣಲೆಂದು ನಯಮಾಡುವ ಗುಂಡಿ ಒತ್ತಿದೆ — ಮೂರು ಸಲ. ಅದು ಕೋಶಗಳನ್ನೆಲ್ಲ ಸಮ ಅಳತೆಗೆ ಎಳೆಯುತ್ತದೆ. ಗೋಡೆಗಂಟಿದ ತೆಳು ಪದರ ಉಬ್ಬಿಹೋಗುತ್ತದೆ. ಯೋಚಿಸಲಿಲ್ಲ. ಚಿತ್ರ ಚಂದ ಬಂತು. ನಿನ್ನ ಫೈಲಿನ ಮೇಲೇ ಸೇವ್ ಮಾಡಿದೆ. ಲೆಕ್ಕ ಓಡಿದ್ದು ಆ ಕೆಟ್ಟ ಮೆಶ್ ಮೇಲೆ.

ವಾರದ ನಂತರ ಉತ್ತರ ಬಂತು. ಗಿರಾಕಿ ಪಂಪಿನಲ್ಲಿ ಅಳೆದ ಒತ್ತಡಕ್ಕೂ ನಮ್ಮ ಲೆಕ್ಕಕ್ಕೂ ತಾಳಮೇಳವೇ ಇರಲಿಲ್ಲ. ನಮ್ಮ ಸಾಹೇಬರು ಧಾರವಾಡದವರು, ಕೂಗಿದರೆ ಬಸ್ ಸ್ಟ್ಯಾಂಡಿಗೆ ಕೇಳಬೇಕು. "ಬೀಸಣಿಗಿ ಮನ್ಯಾಗ ಇಟ್ಟು ಬಾ! ಬಸ್ ಝಾಲಂ, ಸಾಕಾತು!"

"ನಾ ಮಾಡಿದ್ದು ಹಿಂಗ ಇರಲಿಲ್ರಿ, ಅಕ್ಕಾರ," ಎಂದು ನನ್ನ ಮುಖ ನೋಡಿದೆ. ಆಗ ನಾನಾಡಿದ ಮಾತು —

"ಹಂಗಾರ ಕಂಪ್ಯೂಟರ್ ತಾನ ತಿದ್ದಿಕೊಂತೇನು?"

ಎಲ್ಲರೂ ನಕ್ಕರು. ನಿನ್ನನ್ನು ವರದಿ ಬೈಂಡ್ ಮಾಡುವ ಮೇಜಿಗೆ ಹಾಕಿದರು.

ಪ್ರತಿ ಸಂಜೆ ಎಲ್ಲರ ಕೆಲಸದ ನಕಲನ್ನೂ ಕಂಪ್ಯೂಟರಿನ ಟೇಪಿಗೆ ಇಳಿಸಿ, ಚೀಟಿ ಅಂಟಿಸಿ, ನೋಟುಪುಸ್ತಕದಲ್ಲಿ ಬರೆದಿಡುವವಳು ನಾನು. ಅವತ್ತಿನ ಡಬ್ಬಿಯ ಪಲ್ಯವನ್ನೂ ಬರೆಯುತ್ತಿದ್ದೆ — ಚಟ. ಆ ಸಂಜೆ ನಿನ್ನ ಎಂಟನೇ ದಿನದ ಟೇಪು ಹಾಕಿ ನೋಡಿದೆ. ಐದು ಗೆರೆಗಳೂ ಹಾಗೇ ಇದ್ದವು. ಟೇಪನ್ನು ಕಪಾಟಿನ ಹಿಂದಕ್ಕೆ ಸರಿಸಿ ಬೀಗ ಹಾಕಿದೆ. ಪುಸ್ತಕದಲ್ಲಿ ಮೆಂತ್ಯಪಲ್ಯ ಎಂದು ಬರೆದೆ. ಕೆಲಸದ ಸಾಲು ಖಾಲಿ ಬಿಟ್ಟೆ. ಹೆದರಿಕೆ ಇತ್ತು. ಹೆದರಿಕೆಯೊಂದೇ ಅಲ್ಲ — ನನ್ನ ಒಂಬತ್ತು ವರ್ಷ, ನಿನ್ನ ಎಂಟು ದಿನ...

ಆರು ವರ್ಷ ಕಳೆದ ಮೇಲೆ ಇನ್ನೂ ಚೂಪಾದ ಅಂಚಿನ ಪಂಪು ಬಂತು. ಯಾರ ಮೂಲೆಯೂ ನಿಲ್ಲಲಿಲ್ಲ. ಗಿರಾಕಿ ಎದ್ದು ಹೊರಡುವ ಹಂತ. ಆಗ ಟೇಪು ತೆಗೆದೆ. "ಈಗ ಸಿಕ್ತು ನೋಡ್ರಿ, ಗುಂಡಿ ಒತ್ತಿ ಕೆಡಿಸಿದಾಕಿ ನಾನ," ಎಂದೆ. ಅರ್ಧ ಸತ್ಯ.

ಟೇಪಿನಲ್ಲಿದ್ದ ನಿನ್ನ ಮೆಶ್ ಹಾಕಿ ಹಳೆಯ ಪಂಪಿನ ಲೆಕ್ಕ ಮತ್ತೆ ಓಡಿಸಿದರು. ಅಯ್ಯೋ, ಆ ಮಧ್ಯಾಹ್ನ! ಗ್ರಾಫಿನಲ್ಲಿ ಬಿಂದುಗಳು ಒಂದೊಂದಾಗಿ ಬಂದು ಗಿರಾಕಿ ಅಳೆದ ಗೆರೆಯ ಮೇಲೇ ಕೂತವು. ಚಹಾ ಆರಿಹೋಯಿತು, ಯಾರೂ ಕುಡಿಯಲಿಲ್ಲ. ಸಾಹೇಬರು ಎದ್ದು, ತಾವೇ ನಿನ್ನ ಬೈಂಡಿಂಗ್ ಮೇಜಿಗೆ ನಡೆದರು.

"ರೇಣುಕಾ, ಬೀಸಣಿಗಿ ತಗೊಂಡು ಬಾರವ್ವ."

ಹೊಸ ಪಂಪನ್ನು ನೀನು ನಾಲ್ಕೇ ದಿನದಲ್ಲಿ ಮುಗಿಸಿದೆ! ನಿನ್ನ ಕೈಯಲ್ಲಿ ಇನ್ನೂ ಬೈಂಡಿಂಗ್ ಅಂಟಿನ ವಾಸನೆ. ಗಿರಾಕಿಯ ಇಂಜಿನಿಯರು ಪರದೆಗೆ ಮೂಗು ತಾಗಿಸಿ "ಏಕದಮ್ ಬರೋಬರ್!" ಎಂದಾಗ ಇಡೀ ಮಹಡಿ ಚಪ್ಪಾಳೆ ತಟ್ಟಿತು. ಈಗ ಮೆಶ್ ವಿಭಾಗಕ್ಕೆ ನೀನೇ ಮುಖ್ಯಸ್ಥೆ. ಹೊಸಬರು ಆ ಐದು ಗೆರೆಗೆ 'ದೌಂಡ ಮೂಲೆ' ಎನ್ನುತ್ತಾರೆ. ನಾನೂ ಅದನ್ನೇ ಹಾಕುತ್ತೇನೆ, ಪ್ರತಿ ಸಲ ಖುಷಿಯಾಗುತ್ತದೆ — ಎಷ್ಟು ಸಲೀಸಾಗಿ ಸುತ್ತಿಕೊಳ್ಳುತ್ತದೆ!

ಅವತ್ತು ಚಪ್ಪಾಳೆ ನಿಂತ ಮೇಲೆ ನೀನು ನನ್ನ ಕೈ ಹಿಡಿದು ಹೇಳಿದೆ: "ಗೋಡಿ ಹತ್ರ ನೀರು ನಿಧಾನ ಅಂತ ನೀವ ಕಲಿಸಿದ್ರಿ, ಅಕ್ಕಾರ. ಆರು ವರ್ಷ ಭಾಳ ನಿಧಾನ ಆತ್ರಿ. ಹೋಗ್ಲಿ, ತಿಳಿದಿರಲಿಲ್ಲಲ್ಲ ನಿಮಗ."

ಆ ಕ್ಷಮೆ ನನ್ನದಲ್ಲ. ತಿಳಿಯದವಳಿಗೆ ಕೊಟ್ಟದ್ದು.

ಇವತ್ತು ಕೊಂಢವಾ ಬಡಾವಣೆಯ ನನ್ನ ಮನೆಯಲ್ಲಿ ಹಳೇ ನೋಟುಪುಸ್ತಕ ಹುಡುಕಿ ತೆಗೆದೆ. ನಾಳೆ ಬೆಳಿಗ್ಗೆ, ನಿನ್ನ ಗಾಡಿ ಬರುವ ಮೊದಲು, ಅದು ನಿನ್ನ ಮೇಜಿನ ಮೇಲಿರುತ್ತದೆ. ಮೆಂತ್ಯಪಲ್ಯದ ಕೆಳಗಿನ ಖಾಲಿ ಸಾಲು ತುಂಬಿದ್ದೇನೆ: ಎಂಟನೇ ದಿನದ ಟೇಪು ನೋಡಿದೆ. ರೇಣುಕಾಳ ಮೂಲೆ ಸರಿ ಇದೆ. ನನಗೆ ಗೊತ್ತು.