ಸೊಟ್ಟ ಹಾಳೆಗಳು

"ಲೈನ್ ಮನೆ ಹುಡುಗಿ ಡಿಗ್ರಿ ಮಾಡಿದ ಹಾಗೇ! ಎಲ್ಲರೂ ಓದಿದ್ರೆ ಕಾಫಿ ಕುಯ್ಯೋರು ಯಾರು?"

ಹೀಗೆಂದವರು ಅಪ್ಪ ಅಮ್ಮ ಕೂಲಿ ಮಾಡುವ ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಮೂರ್ನಾಡಿನ ಜೆರಾಕ್ಸ್ ಅಂಗಡಿಯಲ್ಲಿ, ನನ್ನೆದುರೇ. ಮೆಷಿನ್ನಿಗೆ ಇಂಕಿನ ಪುಡಿ ತುಂಬುತ್ತಿದ್ದ ಅಂಗಡಿಯ ಅಕ್ಕ ತಲೆಯೆತ್ತಿದರು. ಮೊಣಕೈವರೆಗೂ ಕಪ್ಪು, ಮಾಸ್ಕಿನ ಮೇಲೂ ಬೆರಳ ಗುರುತು.

"ನೀವೇ ಕುಯ್ದ್ರಾಯ್ತು ರೈಟರೇ. ಹೊಟ್ಟೆ ಆದ್ರೂ ಕರಗ್ತದೆ."

ಅದು ಕೊರೊನಾದ ವರ್ಷ. ಅಂಗಡಿಗಳು ತೆರೆದಿದ್ದವು, ಕಾಲೇಜು ಮಾತ್ರ ಮುಚ್ಚಿತ್ತು. ನಾನು ಮೊದಲ ಪಿಯುಸಿ. ಪಾಠವೆಲ್ಲ ಫೋನಿನಲ್ಲಿ. ಕೂಲಿಯವರ ಸಾಲುಮನೆಗಳ ನಮ್ಮ ಲೈನಿನಲ್ಲಿ ಫೋನ್ ಇದ್ದವರಿಗೆ ಕರೆನ್ಸಿ ಇಲ್ಲ, ಕರೆನ್ಸಿ ಹಾಕಿಸಿದವರಿಗೆ ಸಿಗ್ನಲ್ ಇಲ್ಲ. ಎಸ್ಟೇಟಿನ ಸಾಹುಕಾರರ ಮಗಳು ನನ್ನದೇ ತರಗತಿ. ಅವಳಿಗೆ ಬೇರೆ ಕೋಣೆ, ವೈಫೈ, ಮಡಿಕೇರಿಯ ಟ್ಯೂಷನ್. ಆ ಟ್ಯೂಷನ್ನಿನ ನೋಟ್ಸನ್ನು ವಾರಕ್ಕೊಮ್ಮೆ ಜೆರಾಕ್ಸಿಗೆ ತರುತ್ತಿದ್ದವರು ಇದೇ ರೈಟರು.

ಅಕ್ಕ ಅಂಗಡಿಯ ಒಡತಿಯಲ್ಲ, ಸಂಬಳಕ್ಕಿದ್ದವರು. ಓದಿದ್ದು ಏಳನೇ ಕ್ಲಾಸು. ಮೆಷಿನ್ ಎಷ್ಟು ಹಾಳೆ ತೆಗೆಯಿತೆಂದು ಮಾಲೀಕರು ಸಂಜೆ ನೋಡುತ್ತಿದ್ದರು. ಅಷ್ಟಕ್ಕೂ ದುಡ್ಡಿನ ಲೆಕ್ಕ ಕೊಡಬೇಕು, ಕೆಟ್ಟ ಹಾಳೆಗೆ ಮಾತ್ರ ಮಾಫಿ. ಆ ಕೆಟ್ಟ ಹಾಳೆಗಳನ್ನು ಅಕ್ಕ ಒಂದು ಪೆಟ್ಟಿಗೆಯಲ್ಲಿ ನನಗೆ ಎತ್ತಿಡುತ್ತಿದ್ದರು. ಎಲ್ಲವೂ ಸೊಟ್ಟ. ಒಂದರಲ್ಲಿ ಕೊನೆಯ ಸಾಲುಗಳಿಲ್ಲ, ಇನ್ನೊಂದರಲ್ಲಿ ಹೃದಯದ ಚಿತ್ರ ಅರ್ಧ.

"ನೆಟ್ಟಗಿರೋದು ಒಂದೂ ಇಲ್ವಾ ಅಕ್ಕ?" ಎಂದು ಒಮ್ಮೆ ಸಿಡುಕಿದೆ.

"ಇದ್ದದ್ದು ಓದು. ಇಲ್ಲದ್ದು ನಾನು ಬರ್ದು ಕೊಡ್ತೇನೆ."

ಬರೆದೂ ಕೊಟ್ಟರು. ಇಂಗ್ಲಿಷ್ ಓದಲು ಬಾರದವರು, ರಂಗೋಲಿ ಇಡುವಂತೆ ರೈಟರು ತಂದ ಹಾಳೆಯಿಂದ ಒಂದೊಂದೇ ಅಕ್ಷರವನ್ನು ನೋಡಿ ನೋಡಿ ಇಳಿಸುತ್ತಿದ್ದರು.

ಒಂದು ದಿನ ಹೊರಗೆ ಕಾಯುತ್ತಿದ್ದಾಗ ಕಂಡೆ. ಅಕ್ಕ ರೈಟರ ಹಾಳೆಯನ್ನು ನೆಟ್ಟಗಿಟ್ಟು ಒಂದು ಪ್ರತಿ ತೆಗೆದರು. ಆಮೇಲೆ ಅದೇ ಹಾಳೆಯನ್ನು ಬೆರಳಿನಿಂದ ಓರೆಯಾಗಿ ತಳ್ಳಿ ಮತ್ತೆ ಗುಂಡಿ ಒತ್ತಿದರು. ಬಂದದ್ದು ನನ್ನ ಪೆಟ್ಟಿಗೆಗೆ ಬಿತ್ತು.

ಮಾಲೀಕರು ಅಷ್ಟರಲ್ಲೇ ಬಂದರು. "ಇಷ್ಟು ವೇಸ್ಟಾ? ಹೀಗೇ ಆದ್ರೆ ಬೇರೆಯವರನ್ನ ಇಟ್ಕೊಳ್ತೇನೆ ನೋಡು."

"ಕಣ್ಣು ಮಂಜಾಗಿದೆ ಅಣ್ಣ," ಎಂದರು, ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ನಮ್ಮ ಅಕ್ಕ.

ಮಾಲೀಕರು ಹೋದ ಮೇಲೆ, "ಬೇಡ ಅಕ್ಕ, ನಿಮ್ಮ ಕೆಲಸ ಹೋಗ್ತದೆ" ಎಂದೆ.

"ಕೆಲಸ ಹೋದ್ರೆ ಇನ್ನೊಂದು ಸಿಗ್ತದೆ. ನಿನ್ನ ವರ್ಷ ಹೋದ್ರೆ ಸಿಗ್ತದಾ?"

ಆ ವರ್ಷ ಪರೀಕ್ಷೆಯಿಲ್ಲದೆ ಎಲ್ಲರನ್ನೂ ಪಾಸು ಮಾಡಿದರು. ಕಾಗದದಲ್ಲಿ ನಾನೂ ಸಾಹುಕಾರರ ಮಗಳೂ ಒಂದೇ. ಕಾಲೇಜು ತೆರೆದು ಮೊದಲ ಟೆಸ್ಟ್ ಕೊಟ್ಟಾಗ ಗೊತ್ತಾಯಿತು, ನಾನೆಷ್ಟು ಹಿಂದಿದ್ದೇನೆಂದು. ಕೈಯಲ್ಲಿದ್ದದ್ದು ಆ ಸೊಟ್ಟ ಹಾಳೆಗಳೇ. ಅವನ್ನೇ ಹರಿಯುವವರೆಗೆ ಓದಿ ಪಿಯುಸಿ ದಾಟಿದೆ. ಆಮೇಲೆ ಡಿಗ್ರಿಯನ್ನೂ.

ಆದರೂ ನೆಮ್ಮದಿಯಿಲ್ಲ. ನಮ್ಮ ಲೈನಿನಿಂದ ಆ ವರ್ಷ ಕಾಲೇಜು ಸೇರಿದವರು ಮೂವರು. ಉಳಿದಿಬ್ಬರು ಕಾಲೇಜು ಮುಚ್ಚಿದಷ್ಟು ದಿನಕ್ಕೆಂದು ಕಾಫಿ ಪಿಕ್ಕಿಂಗಿಗೆ ಹೋದವರು ಇಂದಿಗೂ ಅಲ್ಲೇ ಇದ್ದಾರೆ. ಅವರಿಗೆ ಸೊಟ್ಟ ಹಾಳೆಯೂ ಸಿಗಲಿಲ್ಲ. ನಾನೂ ಹಂಚಿಕೊಳ್ಳಲಿಲ್ಲ.

ಸರ್ಟಿಫಿಕೇಟ್ ಕೈಗೆ ಬಂದ ದಿನ ಅಮ್ಮನನ್ನು ಕರೆದುಕೊಂಡು ನೇರ ಅಂಗಡಿಗೆ ಹೋದೆ. ಅಕ್ಕ ಎರಡು ಸಲ ಸೋಪು ಹಾಕಿ ಕೈ ತೊಳೆದು, ಸೆರಗಿಗೆ ಒರೆಸಿ ಅದನ್ನು ಈಸಿಕೊಂಡರು. ಗಾಜಿನ ಮೇಲೆ ಅಂಚಿಗೆ ಅಂಚು ಕೂಡಿಸಿದರು. ಸಾಲದೆಂದು ತೆಗೆದು ಮತ್ತೆ ಕೂಡಿಸಿದರು. ನೆಟ್ಟಗಿನ ಒಂದು ಪ್ರತಿ ಬಿಸಿಬಿಸಿಯಾಗಿ ಹೊರಬಂತು.

ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ ಅಕ್ಕನಿಗೆ ಹೇಳಿದಳು: "ಒಂದು ಸೊಟ್ಟದೂ ತೆಗಿಯವ್ವ. ರೈಟರಿಗೆ ಕೊಡ್ಬೇಕು."