ಹಾಸಿಗೆ ಒಣಗಿತ್ತು

ತಿಂಗಳಿಗೆ ನಾನೂರು ರೂಪಾಯಿ, ಎರಡು ಹೊತ್ತು ಊಟ, ಹಬ್ಬಕ್ಕೊಂದು ಸೀರೆ. ಸೊಂಟ ಮುರಿದು ರಾಣೆಬೆನ್ನೂರಿನಲ್ಲಿ ಮಲಗಿದ್ದ ನನ್ನ ದೊಡ್ಡವ್ವನನ್ನು ನೋಡಿಕೊಳ್ಳಲು ಬಂದ ಹೆಂಗಸು ಕೇಳಿದ್ದು ಇಷ್ಟು. ಹೆತ್ತವಳು ತೀರಿದ ಮೇಲೆ ನನ್ನನ್ನು ಸಾಕಿದವಳು ದೊಡ್ಡವ್ವ. ಅದಕ್ಕೇ ಜನ್ಮದಲ್ಲಿ ಮೊದಲ ಸಲ ಚೌಕಾಸಿ ಮಾಡದೆ ಒಪ್ಪಿಕೊಂಡೆ.

ನಾನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಚೀಲದೊಳಗೆ ಕೈ ಹಾಕಿದರೆ ಸಾಕು, ಎಷ್ಟು ತೇವ ಇದೆಯೆಂದು ಹೇಳಬಲ್ಲೆ. ಪ್ರತಿ ರವಿವಾರ ದೊಡ್ಡವ್ವನ ಹಾಸಿಗೆಯನ್ನೂ ಹಾಗೆಯೇ ಅಂಗೈ ಒತ್ತಿ ನೋಡುತ್ತಿದ್ದೆ. ಯಾವಾಗಲೂ ಒಣಗಿರುತ್ತಿತ್ತು. ಶಭಾಷ್ ಎಂದು ಆ ಹೆಂಗಸಿಗೆ ಐದು ರೂಪಾಯಿ ಹೆಚ್ಚಿಗೆ ಕೊಟ್ಟು ಬರುತ್ತಿದ್ದೆ.

ಒಂದು ಬುಧವಾರ ಹೇಳದೆ ಹೋದೆ. ದೊಡ್ಡವ್ವ ಒಬ್ಬಳೇ ಇದ್ದಳು. ನನ್ನ ಕೈ ಹಿಡಿದು, "ತಮ್ಮಾ, ಆಕಿ ಬರೂದ್ರಾಗ ಲಗೂನ ಒಂದ್ ಗುಟುಕು ನೀರು ಕೊಡೋ" ಎಂದಳು. ಅವಳ ತುಟಿ ಬಿರಿದಿತ್ತು. ನೀರಿನ ತಂಬಿಗೆ ಅವಳ ಕೈಗೆಟುಕದ ಎತ್ತರದ ಗೂಡಿನಲ್ಲಿತ್ತು. ಇಳಿಸಿ ಕೊಟ್ಟೆ; ಒಂದೇ ಉಸಿರಿಗೆ ಕುಡಿದಳು.

ಹಿತ್ತಲಿನಿಂದ ಬಂದ ಹೆಂಗಸನ್ನು ಗದರಿಸಿದೆ. ಅವಳು ಹೆದರಲೇ ಇಲ್ಲ. "ನೀರು ಕುಡದ್ರ ಹಾಸಗಿ ಹಸಿ ಆಗ್ತೈತ್ರಿ ಸಾವ್ಕಾರ್ರ. ನೀವು ಬಂದ ಕೂಡ್ಲೆ ಮುಟ್ಟಿ ನೋಡೂದು ಅದನ್ನ ಅಲ್ಲೇನ್ರಿ?"

ಅವತ್ತೇ ಅವಳನ್ನು ಹೊರಗೆ ಹಾಕಿದೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಅವಳ ಮೇಲೆ ಅರ್ಧ, ಅವಳಿಗೆ ಶಭಾಷ್ ಎಂದ ನನ್ನ ಮೇಲೆ ಅರ್ಧ. ಹಿರಿಯರನ್ನು ನೋಡಿಕೊಳ್ಳಲು ಆಳು ಇಟ್ಟವರು ದಿನ ಗೊತ್ತು ಮಾಡಿ ಹೋಗಬೇಡಿ. ಹೋದ ತಕ್ಷಣ ಆಳನ್ನು ಅಂಗಡಿಗೆ ಕಳಿಸಿ, ನಿಮ್ಮ ಕೈಯಾರೆ ಒಂದು ಲೋಟ ನೀರು ಕೊಡಿ. ಅವರು ಅದನ್ನು ಹೇಗೆ ಕುಡಿಯುತ್ತಾರೆ ಎಂಬುದನ್ನು ನೋಡಿ.