ನಾನು ತೆಗೆಯದ ಫೋಟೊ

ಇಂಥ ಅನುಭವ ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಬೇಸರ. ಬೈಲಹೊಂಗಲದಲ್ಲಿ ಹತ್ತೊಂಬತ್ತು ವರ್ಷಗಳಿಂದ ಫೋಟೊ ಸ್ಟುಡಿಯೊ ಇಟ್ಟವನು ನಾನು. ವರ್ಷಕ್ಕೆ ಒಬ್ಬಿಬ್ಬರಾದರೂ ಮೊಬೈಲ್ ಹಿಡಿದುಕೊಂಡು ಬರುತ್ತಾರೆ. ಮದುವೆ ಫೋಟೊದ ಮೂಲೆಯಲ್ಲಿ ಬೆಳ್ಳಗೆ ಏನೋ ನಿಂತಿದೆ, ತೀರಿಹೋದ ಅಜ್ಜಿಯ ಹಾಗೆ ಕಾಣುತ್ತಿದೆ, ನೀವು ನೋಡಿ ಹೇಳಿ ಎನ್ನುತ್ತಾರೆ. ಅದು ಟ್ಯೂಬ್‌ಲೈಟಿನ ಬೆಳಕು ಲೆನ್ಸಿನ ಗಾಜಿಗೆ ಬಡಿದು ಆದದ್ದು ಎಂದು ಎರಡೇ ಮಾತಿನಲ್ಲಿ ಹೇಳಿ ಕಳಿಸುತ್ತಿದ್ದೆ. ಅವರ ಮುಖ ಸಪ್ಪಗಾಗುತ್ತಿತ್ತು. ನನಗೇನೂ ಅನ್ನಿಸುತ್ತಿರಲಿಲ್ಲ.

ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನನಗಾದದ್ದು ಅಮಾವಾಸ್ಯೆಯ ರಾತ್ರಿಯಲ್ಲಲ್ಲ, ಹಾಳುಬಿದ್ದ ಮನೆಯಲ್ಲಲ್ಲ. ಹಾಡುಹಗಲು ಹನ್ನೊಂದು ಗಂಟೆಗೆ, ಕಿತ್ತೂರಿನ ಹೈವೇ ಪಕ್ಕದ ಒಂದು ಕಾಫಿ ಅಂಗಡಿಯಲ್ಲಿ ಶುರುವಾಯಿತು. ಮೂರು ವರ್ಷಗಳಾದವು.

ಆ ದಿನಗಳಲ್ಲಿ ನನ್ನ ಮನಸ್ಸು ಸರಿ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವಾರವೆಲ್ಲ ಪಾಸ್‌ಪೋರ್ಟ್ ಸೈಜು, ಮದುವೆ, ಸೀಮಂತ. ಭಾನುವಾರ ಸ್ಟುಡಿಯೊ ಬಾಗಿಲು ಹಾಕಿ, ಕ್ಯಾಮೆರಾ ಚೀಲ ಹೆಗಲಿಗೇರಿಸಿ, ಮೊದಲು ಸಿಕ್ಕ ಬಸ್ಸು ಹತ್ತುತ್ತಿದ್ದೆ. ಒಮ್ಮೆ ನೇಸರಗಿ, ಒಮ್ಮೆ ಸವದತ್ತಿ, ಒಮ್ಮೆ ರಾಮದುರ್ಗ. ಬೀದಿಯ ಫೋಟೊ ತೆಗೆಯುವ ಹುಚ್ಚು ಅದು. ದಿನನಿತ್ಯದ ಬದುಕಿನಲ್ಲೇ ಎಲ್ಲ ಇದೆ, ಒಂದು ಕಾಫಿ ತೊಗೊಂಡು ಸುಮ್ಮನೆ ಕೂತು ನೋಡಿ, ಸ್ಫೂರ್ತಿ ತಾನಾಗಿ ಬರುತ್ತದೆ ಎಂದು ಮೊಬೈಲಿನಲ್ಲಿ ಹೇಳುವವರು ಬಹಳ. ನಾನೂ ಕೂತೆ. ಎಷ್ಟು ಕಪ್ ಕುಡಿದೆನೋ ಲೆಕ್ಕವಿಲ್ಲ. ಬೀಡಿ ಸೇದುವ ಮುದುಕ, ಹೂ ಕಟ್ಟುವ ಹೆಂಗಸು, ಎತ್ತಿನ ಕೋಡಿನ ಮೇಲೆ ಕೂತ ಕಾಗೆ. ಮನೆಗೆ ಬಂದು ನೋಡಿದರೆ ಎಲ್ಲವೂ ಯಾರೋ ಎಂದೋ ತೆಗೆದದ್ದೇ. ಧಾರವಾಡದಲ್ಲಿ ಹಿರಿಯ ಫೋಟೊಗ್ರಾಫರೊಬ್ಬರಿಗೆ ನಲವತ್ತು ಪ್ರಿಂಟು ಹಾಕಿಸಿಕೊಂಡು ಹೋಗಿ ತೋರಿಸಿದೆ. ಇಸ್ಪೀಟು ತಿರುವಿದ ಹಾಗೆ ತಿರುವಿ, ಛಲೋ ಅದಾವ ಎಂದು ಹೇಳಿ, ನನ್ನ ಲೆನ್ಸು ಯಾವುದು ಎಂದು ಕೇಳಿದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ನಲವತ್ತನ್ನೂ ಕಿಟಕಿಯಿಂದ ಒಗೆಯಬೇಕು ಅನ್ನಿಸಿತ್ತು.

ಅಂಥದೇ ಒಂದು ಭಾನುವಾರ. ಕಿತ್ತೂರಿನ ಆ ಅಂಗಡಿ ಆಗ ಹೊಸದು. ಗಾಜಿನ ಗೋಡೆ, ಎತ್ತರದ ಸ್ಟೂಲು, ಪುಣೆಗೋ ಬೆಂಗಳೂರಿಗೋ ಹೋಗುವ ಕಾರಿನವರು ಇಳಿದು ಕಾಫಿ ಕುಡಿದು ಹೋಗುವ ಜಾಗ. ಕೌಂಟರಿನ ಹತ್ತಿರ ಒಬ್ಬ ಮನುಷ್ಯ ಕೆಟ್ಟುಹೋದ ನೀರಿನ ಮೋಟರು ಬಿಚ್ಚಿ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದ. ಅರವತ್ತರ ಹತ್ತಿರದ ವಯಸ್ಸು, ಕೈಗೆಲ್ಲ ಗ್ರೀಸು. ನನ್ನನ್ನು ನೋಡಿದವನೇ ಮೋಟರು ಅಲ್ಲೇ ಬಿಟ್ಟು ಬಂದು ಕೈಮುಗಿದ.

"ಸರ, ಗುರ್ತು ಸಿಗಲಿಲ್ಲೇನ್ರಿ? ರಾಮದುರ್ಗದಾಗ ನಮ್ಮನಿಯಾಕಿದು ಫೋಟೊ ತಗದಿದ್ರಿ. ಮನಿತನಕಾ ತಂದು ಕೊಟ್ರಿ."

ನನಗೆ ಗುರುತು ಸಿಗಲಿಲ್ಲ. ಆದರೆ ಬೀದಿಯಲ್ಲಿ ನೂರಾರು ಜನರ ಫೋಟೊ ತೆಗೆಯುತ್ತೇನೆ, ಕೆಲವರಿಗೆ ಪ್ರಿಂಟು ಕೊಟ್ಟೂ ಬರುತ್ತೇನೆ. ಮರೆತಿರಬಹುದು ಎಂದುಕೊಂಡು ಹೌದು ಹೌದು ಎಂದೆ. ಅವನ ಹೆಸರು ಸಿದ್ರಾಮ. ಸುಟ್ಟ ಮೋಟರಿಗೆ ತಂತಿ ಸುತ್ತುವ ಕೆಲಸ, ಮನೆ ಅಲ್ಲೇ ಹಳೇ ಪೇಟೆಯ ಹಿಂದೆ. ಹೆಂಡತಿ ಶಾಂತವ್ವ ಹಿಂದಿನ ವರ್ಷ ಚಳಿಗಾಲದಲ್ಲಿ ತೀರಿಕೊಂಡಳು ಎಂದು ಹೇಳಿದ. ನಾನು ಕೊಟ್ಟ ಫೋಟೊಕ್ಕೆ ಮಳೆಗಾಲದಲ್ಲಿ ನೀರು ಇಳಿದಿದೆ, ಹೊಸದೊಂದು ಬೇಕಾಗಿತ್ತು, ನನ್ನ ಊರೂ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ, ನನ್ನನ್ನು ಹುಡುಕುತ್ತಲೇ ಇದ್ದನಂತೆ. ಒಮ್ಮೆ ಮನೆಗೆ ಬಂದು ನೋಡಬೇಕು ಎಂದು ಕರೆದ. ಹೋದೆ.

ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಈ ಫೋಟೊ.

ಅದನ್ನು ನೋಡಿದ ಕೂಡಲೇ ನನಗಾದದ್ದು ಹೆದರಿಕೆಯಲ್ಲ, ಹೊಟ್ಟೆಕಿಚ್ಚು. ಚಹಾದಂಗಡಿಯ ಬೆಂಚಿನ ಮೇಲೆ ಒಬ್ಬ ಹೆಣ್ಣುಮಗಳು ಬಸಿಯಲ್ಲಿ ಚಹಾ ಸುರಿದುಕೊಂಡಿದ್ದಾಳೆ. ಊದಲು ತುಟಿ ಮುಂದೆ ಮಾಡಿದ್ದಾಳೆ, ಅಷ್ಟರಲ್ಲಿ ಏನೋ ನೆನಪಾಗಿ ನಗು ಬಂದಿದೆ. ಊದುವುದೋ ನಗುವುದೋ ಗೊತ್ತಾಗದೆ ಮುಖ ಅರ್ಧಕ್ಕೆ ನಿಂತಿದೆ. ಬಾಗಿಲ ಬೆಳಕು ಬಸಿಗೆ ಬಿದ್ದು ಅಲ್ಲಿಂದ ಅವಳ ಗದ್ದಕ್ಕೆ ಏರಿದೆ. ಅಷ್ಟು ವರ್ಷದಲ್ಲಿ ಅಂಥದೊಂದು ಫೋಟೊ ನನ್ನ ಕೈಯಿಂದ ಬಂದಿರಲಿಲ್ಲ. ಬಂದಿದ್ದರೆ ಮರೆಯುತ್ತಿದ್ದೆನೇ? ಮದುವೆಯಾದ ದಿನ ಮರೆತೇನು, ಇದನ್ನು ಮರೆಯಲಾರೆ.

ಇದು ನನ್ನದಲ್ಲ, ಬೇರೆ ಯಾರದೋ ಎಂದು ಹೇಳಿದೆ. ಸಿದ್ರಾಮ ಫೋಟೊ ಇಳಿಸಿ, ಹಿಂದಿನ ರಟ್ಟು ಬಿಚ್ಚಿ ಕೊಟ್ಟ. ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿತ್ತು: 'ರಾಮದುರ್ಗ. ಚಹಾ ಆರೂದರೊಳಗ.' ಊರಿನ ಹೆಸರು ಬರೆದು ಮುಂದೆ ಒಂದು ಸಾಲು ಬರೆಯುವುದು ನನ್ನ ರೂಢಿ. ಅಕ್ಷರ ನನ್ನದು. ನನ್ನ 'ಹ'ದ ಬಾಲ ಕೆಳಗಿಳಿದು ಎಡಕ್ಕೆ ಹೊರಳುತ್ತದೆ, ಸಾಲಿಯಲ್ಲಿ ಮಾಸ್ತರರು ಬಡಿದರೂ ಹೋಗಲಿಲ್ಲ. ಅದೇ ಬಾಲ.

ಮತ್ತೆ ಮುಂಭಾಗ ನೋಡಿದೆ. ಶಾಂತವ್ವನ ಹಿಂದೆ ಗೋಡೆಗೆ ಒಂದು ಕನ್ನಡಿ ಇತ್ತು. ಅದರಲ್ಲಿ ಫೋಟೊ ತೆಗೆಯುತ್ತಿರುವವನು ಸಣ್ಣಗೆ ಕಾಣುತ್ತಿದ್ದ. ಮುಖ ಪೂರ್ತಿ ಕ್ಯಾಮೆರಾದ ಹಿಂದೆ. ಆದರೆ ಕ್ಯಾಮೆರಾ ಎಡಗಣ್ಣಿಗೆ ಹಿಡಿದಿದ್ದ. ಚಿಕ್ಕವನಿದ್ದಾಗ ಚಿನ್ನಿದಾಂಡು ಆಡುವಾಗ ಏಟು ಬಿದ್ದು ನನ್ನ ಬಲಗಣ್ಣು ಮಂಜು, ನಾನೂ ಎಡಗಣ್ಣಿನವನೇ.

ಆದರೂ, ಯಾಕೋ, ಹಠ ಬಿಡಲಿಲ್ಲ. ನಾನು ತೆಗೆದಿಲ್ಲ, ಈ ಮನೆಗೆ ಬಂದೂ ಇಲ್ಲ ಎಂದು ಎರಡು ಸಲ ಹೇಳಿದೆ. ಸಿದ್ರಾಮನ ಮುಖ ಇಳಿಯಿತು. ಅವನಿಗೆ ನನ್ನ ಗೊಂದಲ ಏನು ಗೊತ್ತು? ಬೆಂಗಳೂರಿನಲ್ಲಿ ನರ್ಸ್ ತರಬೇತಿಯಲ್ಲಿದ್ದ ಮಗಳು ಸುಜಾತಾ ತಾಯಿಯ ಕೊನೆಗಳಿಗೆಗೆ ಬಂದು ಮುಟ್ಟಲಿಲ್ಲವಂತೆ. ಅವಳಿಗೊಂದು ಪ್ರತಿ ಕೊಡಬೇಕು ಎಂಬುದಷ್ಟೇ ಅವನ ಆಸೆ. ಫೋಟೊ ನನ್ನ ಕೈಯಿಂದ ತೊಗೊಂಡು ಹೇಳಿದ:

"ಕೊಡೂದಿಲ್ಲ ಅಂದ್ರ ಕೊಡೂದಿಲ್ಲ ಅನ್ರಿ ಸರ. ತಗದೇ ಇಲ್ಲ ಅನಬ್ಯಾಡ್ರಿ. ಆಧಾರ್ ಕಾರ್ಡಿನ ಫೋಟೊದಾಗ ಆಕಿ ಆಕಿನಂಗ ಇಲ್ಲ. ಆಕಿ ಉಳದಿದ್ದು ಇದರಾಗಷ್ಟ."

ಒಂದು ವಾರ ಬಿಟ್ಟು ಬರುತ್ತೇನೆ ಎಂದು ಹೇಳಿ ಎದ್ದೆ. ಏಳುವ ಮೊದಲು ಆ ದಿನ ಯಾವುದು ಎಂದು ಕೇಳಿದೆ. ಶಾಂತವ್ವನ ತವರು ರಾಮದುರ್ಗದ ಹತ್ತಿರ. ಅಣ್ಣನ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋಗಿ ಮರುದಿನ ಬೆಳಿಗ್ಗೆ ತಿರುಗಿ ಬರುವಾಗ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಚಹಾ ಕುಡಿದಿದ್ದರು. ತೊಟ್ಟಿಲ ಕಾರ್ಯದ ಕಾರ್ಡು ಇನ್ನೂ ಮನೆಯಲ್ಲಿತ್ತು. ತಾರೀಖು ಬರೆದುಕೊಂಡೆ.

ಸ್ಟುಡಿಯೊಕ್ಕೆ ಬಂದು ಹಾರ್ಡ್‌ಡಿಸ್ಕು ತೆಗೆದೆ. ಕಾರ್ಡಿನ ಮರುದಿನ ನಾನು ಸವದತ್ತಿಯಲ್ಲಿ ಒಂದು ಮದುವೆಯಲ್ಲಿದ್ದೆ. ಬೆಳಿಗ್ಗೆ ಅರಿಷಿಣದಿಂದ ಸಂಜೆ ಹೆಣ್ಣು ಕಳಿಸುವವರೆಗೆ ಸಾವಿರಕ್ಕೂ ಹೆಚ್ಚು ಫೋಟೊ, ಪ್ರತಿಯೊಂದಕ್ಕೂ ಗಂಟೆ ನಿಮಿಷ ದಾಖಲಾಗಿದೆ. ಎರಡು ಫೋಟೊದ ನಡುವೆ ಅರ್ಧ ತಾಸಿಗಿಂತ ಹೆಚ್ಚು ಬಿಡುವಿಲ್ಲ. ಸವದತ್ತಿಯಿಂದ ರಾಮದುರ್ಗಕ್ಕೆ ಹೋಗಿ ಬರಲು ಅಷ್ಟು ಸಾಕೇ? ಆ ವರ್ಷದ್ದೆಲ್ಲ, ಹಿಂದಿನ ವರ್ಷದ್ದೆಲ್ಲ ನಾಲ್ಕು ದಿನ ಕೂತು ಒಂದೊಂದೇ ನೋಡಿದೆ. ಶಾಂತವ್ವ ಎಲ್ಲೂ ಇಲ್ಲ. ಹೆಂಡತಿಗೆ ಹೇಳಿದೆ. ನೀವು ಎಲ್ಲಾನೂ ಮರೀತೀರಿ, ಇದನ್ನೂ ಮರ್ತೀರಿ, ಅದಕ್ಯಾಕ ಇಷ್ಟು ಸಿಟ್ಟು ಎಂದಳು. ಸಿಟ್ಟು ಇನ್ನೂ ಹೆಚ್ಚಾಯಿತು.

ಮುಂದಿನ ಭಾನುವಾರ ರಾಮದುರ್ಗಕ್ಕೆ ಹೋದೆ. ಅಂಗಡಿ ಸಿಕ್ಕಿತು. ಬೆಂಚು, ಕನ್ನಡಿ ಎಲ್ಲ ಫೋಟೊದಲ್ಲಿ ಇದ್ದ ಹಾಗೆಯೇ. ಆ ಊರಿಗೆ ಬಹಳ ಸಲ ಹೋಗಿದ್ದೇನೆ, ಆದರೆ ಆ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ. ಕನ್ನಡಿಯ ಎದುರಿನ ಮೂಲೆಯಲ್ಲಿ ಕೂತು ಚಹಾ ಹೇಳಿದೆ. ಮಾಲೀಕ ತಾನೇ ಲೋಟ ತಂದಿಟ್ಟ. ಸಕ್ಕರೆ ಹಾಕಿರಲಿಲ್ಲ. ನಾನು ಸಕ್ಕರೆ ಬಿಟ್ಟು ಆರು ವರ್ಷವಾಗಿದೆ, ಆದರೆ ಅವನಿಗೆ ಹೇಳಿರಲಿಲ್ಲ. ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನೀವು ಬರೂದು ಹೊಸದೇನ್ರಿ? ಇದ ಜಾಗಾದಾಗ ಕುಂಡರತೀರಿ, ಸಕ್ಕರಿ ಬ್ಯಾಡ ಅಂತೀರಿ," ಎಂದು ಹೇಳಿ ಬೇರೆ ಗಿರಾಕಿಯ ಕಡೆ ಹೋದ.

ಅವನ ಹಿಂದೆ ಹೋಗಿ ಕೇಳಿದೆ. ಯಾವಾಗ ಬಂದಿದ್ದೆ, ಎಷ್ಟು ಸಲ, ಜೊತೆಗೆ ಯಾರಿದ್ದರು. ಅವನಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನ್ನಿಸಿತು. ಎರಡನೆಯ ಸಲ ಕೇಳಿದಾಗ ಮುಖ ಗಂಟಿಕ್ಕಿದ. ಇಡೀ ಮಧ್ಯಾಹ್ನ ಅಲ್ಲಿ ಕೂತು, ಬಸಿಯಲ್ಲಿ ಚಹಾ ಕುಡಿಯುವ ಪ್ರತಿಯೊಬ್ಬರ ಫೋಟೊ ತೆಗೆದೆ. ಅದೇ ಬೆಳಕು, ಅದೇ ಬೆಂಚು. ಒಂದೂ ನೋಡುವಂತಿರಲಿಲ್ಲ.

ಸಿದ್ರಾಮನಿಗೆ ಕೊಟ್ಟ ಮಾತಿನಂತೆ ಹೋಗಿ, ಗೋಡೆಯ ಫೋಟೊವನ್ನೇ ಕ್ಯಾಮೆರಾದಲ್ಲಿ ಹಿಡಿದು, ನೀರಿನ ಕಲೆ ತೆಗೆದು, ಎರಡು ಪ್ರತಿ ಮಾಡಿ ಕೊಟ್ಟೆ. ಹಿಂದೆ ಬರೆದದ್ದನ್ನೂ ಬರೆದುಕೊಡಿ ಎಂದ. ಪೆನ್ಸಿಲು ಹಿಡಿದು ಬರೆಯುವಾಗ ಕಳ್ಳತನ ಮಾಡಿದ ಹಾಗೆ ಅನ್ನಿಸಿತು. ಅವನು ಮಾತ್ರ ಬಹಳ ಸಂತೋಷಪಟ್ಟ. ನಾನು ತೆಗೆದಿಲ್ಲ ಎಂದದ್ದನ್ನು ಅವನು ಮತ್ತೆ ಎತ್ತಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ, ನನ್ನ ಹೋಲಿಕೆಯವನು ಯಾರೋ ಇದ್ದಾನೆ, ಅಕ್ಷರವೂ ಹೋಲುತ್ತದೆ ಎಂದುಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ಕಳೆದ ವರ್ಷ ಸುಜಾತಾ ನನ್ನ ಸ್ಟುಡಿಯೊಕ್ಕೆ ಬಂದಳು. ಬೆಳಗಾವಿಯಲ್ಲಿ ಕೆಲಸ ಸಿಕ್ಕಿತ್ತು, ಪಾಸ್‌ಪೋರ್ಟ್ ಸೈಜಿನ ಫೋಟೊ ಬೇಕಾಗಿತ್ತು, ತಂದೆ ನನ್ನ ವಿಳಾಸ ಕೊಟ್ಟು ಅಲ್ಲೇ ತೆಗೆಸು ಎಂದಿದ್ದನಂತೆ. ನಾನು ಲೈಟು ಸರಿಮಾಡುತ್ತಿದ್ದೆ. ಅವಳು ತಾನಾಗಿ ಹೇಳಿದಳು. ರಾಮದುರ್ಗದಲ್ಲಿ ಆ ಫೋಟೊ ತೆಗೆದ ದಿನ ಸಂಜೆ ಅವ್ವ ಫೋನು ಮಾಡಿದ್ದಳು, ಬೇರೆ ಏನೂ ಮಾತಾಡಲಿಲ್ಲ, ಬರೀ ಫೋಟೊ ತೆಗೆದವರದೇ ಸುದ್ದಿ.

"ಒಂದ ತಾಸು ಕುಂತಿದ್ರಂತಲ್ಲರಿ ನೀವು. ಅಲ್ಲೀತನಕಾ ಕ್ಯಾಮೆರಾ ಚೀಲದಾಗಿಂದ ತಗೀಲೇ ಇಲ್ಲಂತ. ಅವ್ವ ತವರಮನಿ ಕಥಿ ಹೇಳಕೋತ ಹೋದ್ಲಂತ, ನೀವು ಕೇಳಕೋತ ಕುಂತ್ರಂತ. 'ಇಷ್ಟು ವರ್ಷದಾಗ ನನ್ನ ಮಾತು ಯಾರೂ ಪೂರ್ತಿ ಕೇಳಿದ್ದಿಲ್ಲ' ಅಂತ ಅವ್ವ ಅಂದ್ಲು."

ನಾನು ಲೈಟಿನ ಹತ್ತಿರವೇ ನಿಂತೆ. ಅವಳಿಗೆ ಬಸ್ಸಿಗೆ ಹೊತ್ತಾಗಿತ್ತು. ಗದ್ದ ಸ್ವಲ್ಪ ಕೆಳಗೆ ಎಂದು ಹೇಳಿ, ಬಟನ್ ಒತ್ತಿ ಕಳಿಸಿದೆ.

ನಾನು ಯಾರ ಎದುರಿಗೂ ಒಂದು ತಾಸು ಕೂತವನಲ್ಲ. ಇದನ್ನು ನನ್ನ ಹೆಂಡತಿಯನ್ನು ಕೇಳಿದರೂ ಹೇಳುತ್ತಾಳೆ. ಕಾಫಿ ಬಂದ ಕೂಡಲೇ ಕಣ್ಣು ಬೆಳಕಿನ ಕಡೆ, ಕೈ ಕ್ಯಾಮೆರಾದ ಕಡೆ. ಫೋಟೊ ಸಿಕ್ಕಿತೋ ಇಲ್ಲವೋ, ಮುಂದಿನ ಬಸ್ಸು ಎಷ್ಟಕ್ಕೆ ಎಂದು ನೋಡುವವನು. ಅಕ್ಷರ ನನ್ನದು, ಕಣ್ಣು ನನ್ನದು, ಸಕ್ಕರೆ ಇಲ್ಲದ ಚಹಾ ನನ್ನದು. ಆ ಒಂದು ತಾಸು ಮಾತ್ರ ನನ್ನದಲ್ಲ. ಅಷ್ಟು ಹೊತ್ತು ಯಾರು ಕೂತರು, ನಾನು ಸವದತ್ತಿಯ ಮದುವೆಯಲ್ಲಿ ಮೆರುಗು ಪರದೆಯ ಮುಂದೆ ನೆಂಟರನ್ನು ಸಾಲಾಗಿ ನಿಲ್ಲಿಸುತ್ತಿದ್ದಾಗ? ಎಷ್ಟು ಯೋಚಿಸಿದರೂ ತಲೆ ಕೆಡುತ್ತದೆಯೇ ಹೊರತು ಉತ್ತರ ಸಿಗುವುದಿಲ್ಲ. ನಿಮಗೇನಾದರೂ ಹೊಳೆದರೆ ಹೇಳಿ. ಟ್ಯೂಬ್‌ಲೈಟಿನ ಬೆಳಕು ಎಂದು ಮಾತ್ರ ಹೇಳಬೇಡಿ.

ಹೋದ ತಿಂಗಳು ನೇಸರಗಿ ಸಂತೆಯ ದಿನ ಒಂದು ಹೋಟೆಲಿನಲ್ಲಿ ಹಾಗೆ ಒಂದು ತಾಸು ಕೂರುವ ಪ್ರಯತ್ನ ಮಾಡಿ ನೋಡಿದೆ. ಎದುರಿಗೆ ಬಿಳಿ ಟೊಪ್ಪಿಗೆಯ ಒಬ್ಬ ಅಜ್ಜ ಕೂತಿದ್ದ. ಚೀಲದ ಜಿಪ್ಪು ಹಾಕಿ ಕಾಲ ಕೆಳಗಿಟ್ಟು ಮಾತಾಡಿಸಿದೆ. ಅವನು ತನ್ನ ಕಳೆದುಹೋದ ಎಮ್ಮೆಯನ್ನು ಮೂರು ಊರು ದಾಟಿ ಹುಡುಕಿಕೊಂಡು ಹೋದ ಕಥೆ ಶುರುಮಾಡಿದ. ಬಹಳ ಚೆನ್ನಾಗಿ ಹೇಳುತ್ತಿದ್ದ. ಎಮ್ಮೆ ಇನ್ನೇನು ಸಿಗಬೇಕು, ಅಷ್ಟರಲ್ಲಿ ಬಾಗಿಲಿನಿಂದ ಬೆಳಕು ಅವನ ಕೆನ್ನೆಯ ಮೇಲೆ ಬಂತು. ನನ್ನ ಕೈ ಯಾವಾಗ ಚೀಲಕ್ಕೆ ಹೋಯಿತೋ ನನಗೇ ಗೊತ್ತಾಗಲಿಲ್ಲ. ಗಡಿಯಾರ ನೋಡಿದರೆ ಹದಿನೆಂಟು ನಿಮಿಷವಾಗಿತ್ತು. ಅಜ್ಜ ಕ್ಯಾಮೆರಾ ಕಂಡ ಕೂಡಲೇ ಮಾತು ನಿಲ್ಲಿಸಿ, ಟೊಪ್ಪಿಗೆ ಸರಿಮಾಡಿಕೊಂಡು, ತೊಡೆಯ ಮೇಲೆ ಕೈಯಿಟ್ಟು ನೆಟ್ಟಗೆ ಕೂತ.

ತೆಗೆದೆ. ಚೆನ್ನಾಗಿ ಬಂದಿಲ್ಲ. ಎಮ್ಮೆ ಸಿಕ್ಕಿತೋ ಇಲ್ಲವೋ, ಅದನ್ನೂ ಕೇಳಲಿಲ್ಲ.